ಮೂರು ಹಾಳೆ, ಒಂದೇ ಉತ್ತರ

ಆಗಸ್ಟಿನ ಮೂರನೆಯ ವಾರ ಇಶಾಳ ಶಾಲೆಯಿಂದ ಆರು ಪುಟದ ಒಂದು ಕಾಗದ ಬಂತು. ಎಂಟನೆಯ ತರಗತಿ, ಅಮೆರಿಕದ ಇತಿಹಾಸ, ನಿರೀಕ್ಷೆಗಳು ಮತ್ತು ನಿಯಮಗಳು ಎಂದು ಅದರ ತಲೆಬರಹ. ಇಶಾಳ ಅಪ್ಪ ಪ್ರಹ್ಲಾದ್ ವಾರವೆಲ್ಲ ಹ್ಯೂಸ್ಟನ್ನಿನ ತೈಲ ಕಂಪನಿಗಳ ಬಡಾವಣೆಯಾದ ಎನರ್ಜಿ ಕಾರಿಡಾರ್‌ನಲ್ಲಿ ದುಡಿದು ಶುಕ್ರವಾರ ಸಂಜೆ ನಾಲ್ಕು ಗಂಟೆ ಡ್ರೈವ್ ಮಾಡಿ ಡಾಲಸ್ ಪಕ್ಕದ ಕಾಪೆಲ್‌ನ ಮನೆಗೆ ಬರುವವನು. ಎರಡು ಮೀಟಿಂಗುಗಳ ನಡುವೆ ಲಿಫ್ಟಿನಲ್ಲಿ ನಿಂತು ಫೋನಿನ ಮೇಲೆ ಬೆರಳಾಡಿಸಿ ಸಹಿ ಹಾಕಿಬಿಟ್ಟ. ಓದಲಿಲ್ಲ. ಆರು ಪುಟ ಓದಿ ಸಹಿ ಹಾಕುವ ಅಪ್ಪಂದಿರು ಹಾಗೆಲ್ಲ ಸಿಗುವುದಿಲ್ಲ.

ಅವನ ತಾಯಿ ಗೋದಾವರಿಬಾಯಿ ಮಾತ್ರ ಓದಿದರು. ಎಪ್ಪತ್ತೊಂದು ವರ್ಷದ ಅವರು ಧಾರವಾಡದ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಮೂವತ್ತನಾಲ್ಕು ವರ್ಷ ಇತಿಹಾಸ ಕಲಿಸಿ ನಿವೃತ್ತರಾದವರು. ಆರು ತಿಂಗಳ ಮಟ್ಟಿಗೆ ಮಗನ ಮನೆಗೆ ಬಂದಿದ್ದರು. ಮೊಮ್ಮಗಳಿಂದ ಪ್ರಿಂಟ್ ತೆಗೆಸಿಕೊಂಡು, ಕನ್ನಡಕ ಒರೆಸಿಕೊಂಡು, ಕೆಂಪು ಪೆನ್ಸಿಲ್ ಹಿಡಿದು ಅಡುಗೆಮನೆಯ ಮೇಜಿಗೆ ಕುಳಿತರು. ಹದಿಮೂರು ವರ್ಷದ ಮೇಲೆ ಶಾಲೆಯ ಕಾಗದ ಕೈಗೆ ಬಂದದ್ದು ಅವರಿಗೆ ತವರಿನಿಂದ ಬುತ್ತಿ ಬಂದಷ್ಟು ಸಂತೋಷ ಕೊಟ್ಟಿತ್ತು.

ಒಂದನೆಯ ನಿಯಮ, ಫೋನು ಬಾಗಿಲ ಹಿಂದಿನ ಬಟ್ಟೆಯ ಚೀಲದಲ್ಲಿರಬೇಕು. ಗೋದಾವರಿಬಾಯಿ ಸರಿ ಗುರುತು ಹಾಕಿದರು. ಮೂರನೆಯದು, ತಡವಾದ ಕೆಲಸಕ್ಕೆ ದಿನಕ್ಕೆ ಹತ್ತು ಅಂಕ ಕಡಿತ. ಇನ್ನೂ ದೊಡ್ಡ ಸರಿ ಗುರುತು. ಏಳನೆಯದು ಉದ್ದವಾಗಿತ್ತು. ಬರೆದದ್ದೆಲ್ಲ ಸ್ವಂತ ಮಾತಿನಲ್ಲಿರಬೇಕು, ನಕಲಿಗೆ ಸೊನ್ನೆ. ಐದು ದಿನದೊಳಗೆ ಒಂದೇ ಸಲ ಮತ್ತೆ ಬರೆಯಬಹುದು, ಆದರೆ ಎಪ್ಪತ್ತಕ್ಕಿಂತ ಹೆಚ್ಚು ಅಂಕ ಸಿಗದು. ತನ್ನ ಉತ್ತರವನ್ನು ಇನ್ನೊಬ್ಬರಿಗೆ ಕೊಟ್ಟವರಿಗೆ ಆ ಅವಕಾಶವೂ ಇಲ್ಲ, ರಾಜ್ಯದ ರಾಜಧಾನಿ ಆಸ್ಟಿನ್ನಿನಲ್ಲಿ ನಡೆಯುವ ಇತಿಹಾಸ ದಿನಕ್ಕೆ ಹೋಗುವಂತೆಯೂ ಇಲ್ಲ. ಇದಕ್ಕೆ ಅವರು ಎರಡು ಸರಿ ಹಾಕಿದರು. ಕಾಪಿ ಹೊಡೆಯುವವರನ್ನು ಅವರು ಜನ್ಮದಲ್ಲಿ ಕ್ಷಮಿಸಿದವರಲ್ಲ.

ಕೊನೆಯ ಪುಟದಲ್ಲಿ, ಮನೆಯಲ್ಲಿ ಓದಿಗೆ ನೆರವಾಗುವ ಇತರ ಹಿರಿಯರು ಎಂದು ಒಂದು ಖಾಲಿ ಗೆರೆ ಇತ್ತು. ಕಾಪೆಲ್‌ನಲ್ಲಿ ಆ ಗೆರೆಯನ್ನು ತುಂಬಿದವರು ಇವರೊಬ್ಬರೇ ಇರಬೇಕು. ಗೋದಾವರಿ ಪ್ರಾಣೇಶ ಕುಲಕರ್ಣಿ, ನಿವೃತ್ತ ಸಹಶಿಕ್ಷಕಿ ಎಂದು ಕನ್ನಡದಲ್ಲಿ ದುಂಡಗೆ ಬರೆದು, ಕೆಳಗೆ ಎರಡು ಗೆರೆ ಎಳೆದು, ಇಶಾಳ ಕೈಯಲ್ಲಿ ಶಾಲೆಗೆ ಕಳಿಸಿದರು.

ಸಹಿ ಹಾಕಿದ ಮೇಲೆ ಸುಮ್ಮನೆ ಕೂರುವ ಜೀವವಲ್ಲ ಅದು. ಮಂಗಳವಾರ, ಗುರುವಾರ ಶಾಲೆ ಬಿಟ್ಟ ಮೇಲೆ ಇಶಾಳ ಜೊತೆ ಅವಳ ಗೆಳತಿಯರಾದ ಸಿಯಾ, ದಿಯಾ ಕೂಡ ಆ ಮೇಜಿಗೆ ಬರತೊಡಗಿದರು. ಅಜ್ಜಿ ಅವಲಕ್ಕಿ ಒಗ್ಗರಣೆ ಹಾಕಿ ಕೊಡುತ್ತಿದ್ದರು, ತಟ್ಟೆ ಎತ್ತಿಟ್ಟ ಮೇಲೆ ಪಾಠ. ಪೆಟ್ಟಿಗೆಯ ತಳದಲ್ಲಿ ಧಾರವಾಡದಿಂದ ಒಂದು ನೋಟ್‌ಬುಕ್ ಬಂದಿತ್ತು. ಕಂದು ಕಾಗದದ ಹೊದಿಕೆ, ಬೆನ್ನಿಗೆ ಅಂಟಿಸಿದ ಬಟ್ಟೆ. ತಾವು ಶಾಲೆ ಕಲಿಯುವಾಗ ಇತಿಹಾಸದ ಭಾಸ್ಕರ ಮಾಸ್ತರರು ತಮಗೆ ಹೇಳಿ ಬರೆಸಿದ್ದನ್ನು ಅವರು ಮೂವತ್ತನಾಲ್ಕು ವರ್ಷ ಹುಡುಗಿಯರಿಗೆ ಹೇಳಿ ಬರೆಸಿದ್ದರು. ಅದರಲ್ಲಿ ಅಮೆರಿಕದ ಸ್ವಾತಂತ್ರ್ಯ ಸಂಗ್ರಾಮವೂ ಇತ್ತು. ಅದರೊಳಗಿನ ಬೋಸ್ಟನ್ ಚಹಾ ಪ್ರಕರಣಕ್ಕೆ ಕಾರಣಗಳು ಐದು, ಪರಿಣಾಮಗಳು ನಾಲ್ಕು.

ಬೋಸ್ಟನ್ ಬಂದರಿನಲ್ಲಿ ಜನ ಚಹಾ ಪೆಟ್ಟಿಗೆಗಳನ್ನು ಯಾಕೆ ನೀರಿಗೆ ಎಸೆದರು ಎಂಬ ಪ್ರಶ್ನೆ ಅಕ್ಟೋಬರಿನಲ್ಲಿ ಬಂತು. ಗೋದಾವರಿಬಾಯಿ ಎದ್ದು ನಿಂತರು. ಕುಳಿತು ನೋಟ್ಸ್ ಹೇಳುವುದು ಅವರಿಗೆ ಗೊತ್ತಿರಲಿಲ್ಲ.

"ಬರಕೋರಿ," ಎಂದರು. ಒಂದೊಂದೇ ವಾಕ್ಯವನ್ನು ಧಾರವಾಡದ ಇಂಗ್ಲಿಷಿಗೆ ತಿರುಗಿಸಿ, ಎರಡೆರಡು ಸಲ ಹೇಳಿ, ಪೂರ್ಣವಿರಾಮವನ್ನೂ ಬಾಯಿಬಿಟ್ಟು ಹೇಳಿದರು. ಮೂರು ಹುಡುಗಿಯರು ತಲೆ ಬಗ್ಗಿಸಿ ಬರೆದರು. ಮನೆಯ ಮೇಲಿಂದ ಡಾಲಸ್ ವಿಮಾನ ನಿಲ್ದಾಣಕ್ಕೆ ಇಳಿಯುವ ವಿಮಾನಗಳು ಮೆಲ್ಲಗೆ ಹಾಯುತ್ತಿದ್ದವು. ಕಿಟಕಿಯ ಪಟ್ಟಿಗಳ ಬಿಸಿಲು ಮೂರು ನೋಟ್‌ಬುಕ್ಕಿನ ಮೇಲೂ ಸಮನಾಗಿ ಬಿದ್ದಿತ್ತು. ಪೆನ್ನುಗಳ ಸದ್ದು ಕೇಳುತ್ತ ಗೋದಾವರಿಬಾಯಿಗೆ ತಾವು ಎಲ್ಲಿದ್ದೇವೆ ಎನ್ನುವುದು ಕ್ಷಣಹೊತ್ತು ಮರೆತುಹೋಯಿತು, ಮರೆತದ್ದು ಹಿತವಾಗಿತ್ತು.

ಮರುದಿನ ಮಧ್ಯಾಹ್ನ ಸೋಫಾದ ಮೇಲೆ ಒರಗಿದಾಗ ಅವರಿಗೆ ಕನಸು ಬಿತ್ತು. ಧಾರವಾಡದ ಕೆಲಗೇರಿ ಕೆರೆಯಲ್ಲಿ ಒಂದು ದೊಡ್ಡ ಹಡಗು ನಿಂತಿತ್ತು. ನೀರಿನ ತುಂಬ ಚಹಾ ಪೆಟ್ಟಿಗೆಗಳು ತೇಲುತ್ತಿದ್ದವು, ಕೆರೆಯೆಲ್ಲ ತೆಳು ಕಂದು ಬಣ್ಣ. ದಂಡೆಯ ಮೇಲೆ ಸಾಲಾಗಿ ನಿಂತ ಹುಡುಗಿಯರು ಐದು ಕಾರಣಗಳನ್ನು ಒಂದೇ ದನಿಯಲ್ಲಿ ಒಪ್ಪಿಸುತ್ತಿದ್ದರು. ಎಲ್ಲರಿಗೂ ಎರಡು ಜಡೆ, ಯಾರಿಗೂ ಮುಖ ಇರಲಿಲ್ಲ. ಒಬ್ಬಳು ಮಾತ್ರ ಒಪ್ಪಿಸದೆ ಬಲಗೈ ಮೇಲೆತ್ತಿ ನಿಂತಿದ್ದಳು. ಅವಳ ಸರದಿ ಬರುವ ಮೊದಲೇ ಎಚ್ಚರವಾಯಿತು.

ಮುಂದಿನ ಸೋಮವಾರ ಶಾಲೆಯಿಂದ ಮೇಲ್ ಬಂತು. ಇಶಾಳ ಅಮ್ಮ ಸುಪ್ರಜಾ ಮೈಸೂರಿನವಳು, ಮನೆಯಿಂದಲೇ ಕೆಲಸ ಮಾಡುವವಳು. ಲ್ಯಾಪ್‌ಟಾಪ್ ಅಡುಗೆಕಟ್ಟೆಯ ಮೇಲಿಟ್ಟು ಓದಿದವಳ ಮುಖ ಇಳಿದುಹೋಯಿತು. ಇಶಾ, ಸಿಯಾ, ದಿಯಾ ಮೂವರ ಉತ್ತರದಲ್ಲಿ ಇನ್ನೂರಕ್ಕೂ ಹೆಚ್ಚು ಪದಗಳು ಒಂದೇ ಕ್ರಮದಲ್ಲಿವೆ ಎಂದು ಇತಿಹಾಸದ ಟೀಚರ್ ಮಿಸ್ ಡೆಲ್ಗಾಡೋ ಬರೆದಿದ್ದಳು.

"ಮೂರೂ ಒಂದ ಥರಾ ಅದಾವಂತ?" ಗೋದಾವರಿಬಾಯಿ ಹುರುಪಿನಿಂದ ಕೇಳಿದರು. "ಒಂದ ಅಕ್ಷರಾನೂ ಹೆಚ್ಚುಕಡಿಮಿ ಆಗಿಲ್ಲಂತ?"

"ಹೌದು ಅತ್ತೆ."

"ಮತ್ತ ಅದರಾಗ ತಪ್ಪೇನದ?"

ಪ್ರಶ್ನೆ ಸಾಚಾ ಆಗಿತ್ತು. ಅವರ ಶಾಲೆಗೆ ಇನ್ಸ್‌ಪೆಕ್ಟರು ಬಂದಾಗ ನಲವತ್ತು ಹುಡುಗಿಯರ ನಲವತ್ತು ನೋಟ್‌ಬುಕ್ ತೆರೆದು, ನಲವತ್ತರಲ್ಲೂ ಒಂದೇ ಉತ್ತರ ಕಂಡು, ಬೋಧನೆ ಉತ್ತಮ ಎಂದು ಬರೆದು ಹೋಗಿದ್ದರು. ನಕಲು ಎಂದರೆ ಪರೀಕ್ಷೆಯಲ್ಲಿ ಪಕ್ಕದವಳ ಹಾಳೆ ಇಣುಕುವುದು. ನೋಟ್ಸ್ ಹಾಗಲ್ಲ, ಅದು ಗುರುಗಳು ಕೈಯಾರೆ ಕೊಟ್ಟದ್ದು. ಕೊಟ್ಟದ್ದನ್ನು ಚೆಲ್ಲದೆ ಹಿಂದಿರುಗಿಸಿದವಳೇ ಒಳ್ಳೆಯ ಹುಡುಗಿ.

"ಇಲ್ಲಿ ಹಾಗಲ್ಲ ಅತ್ತೆ," ಸುಪ್ರಜಾ ಮೆಲ್ಲಗೆ ಹೇಳಿದಳು. "ಒಂದೇ ಥರ ಇದ್ರೆ ಕಾಪಿ ಹೊಡೆದಿದ್ದಾರೆ ಅಂತ. ಮೂರು ಜನಕ್ಕೂ ಸೊನ್ನೆ ಬಂದಿದೆ. ಅದೂ ಅಲ್ದೆ, ಇಶಾ ಟೀಚರ್ ಹತ್ರ ಹೋಗಿ, ನಾನೇ ಬರೆದು ಅವರಿಬ್ಬರಿಗೂ ಕೊಟ್ಟೆ ಅಂತ ಹೇಳಿದ್ದಾಳೆ. ಅವರಿಬ್ಬರು ಮತ್ತೆ ಬರೀಬಹುದು. ಇವಳಿಗೆ ಅದೂ ಇಲ್ಲ."

ಆಸ್ಟಿನ್ನೂ ಇಲ್ಲ ಎಂದು ಸುಪ್ರಜಾ ಹೇಳಬೇಕಾಗಿರಲಿಲ್ಲ. ಏಳನೆಯ ನಿಯಮ ಗೋದಾವರಿಬಾಯಿಗೆ ಬಾಯಿಪಾಠವಾಗಿತ್ತು, ಅದಕ್ಕೆ ಎರಡು ಸರಿ ಗುರುತು ಹಾಕಿದ ಕೈ ಅವರದೇ. ಇತಿಹಾಸ ದಿನಕ್ಕೆಂದು ಇಡೀ ಶಾಲೆಯಿಂದ ಹನ್ನೆರಡು ಮಕ್ಕಳನ್ನು ಆರಿಸಿದ್ದರು, ತಾವು ಬರೆದ ಒಂದು ಪುಟವನ್ನು ಅಲ್ಲಿನ ಸಭೆಯಲ್ಲಿ ಓದುವುದಕ್ಕೆ. ಹೆಸರು ಬಂದ ದಿನ ಇಶಾ ಮೆಟ್ಟಿಲನ್ನು ಎರಡೆರಡು ಹಾರಿ ಇಳಿದಿದ್ದಳು.

ಅವಳು ತನ್ನ ಕೋಣೆಯಲ್ಲಿ ನೆಲದ ಮೇಲೆ ಕುಳಿತಿದ್ದಳು. ಆ ಹುಡುಗಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಬರುವುದು ಇಂಗ್ಲಿಷಿನಲ್ಲಿ. ಯಾಕೆ ಸುಳ್ಳು ಹೇಳಿದೆ ಎಂದು ಅಜ್ಜಿ ಕೇಳಿದ್ದಕ್ಕೆ ಅವಳು ಹೇಳಿದ್ದನ್ನು ಕನ್ನಡದಲ್ಲಿ ಹೇಳುವುದಾದರೆ ಇಷ್ಟು. ನಿಜ ಹೇಳಿದರೆ ಟೀಚರ್ ನಿನ್ನನ್ನು ಚೀಟರ್ ಅಂದುಕೊಳ್ಳುತ್ತಾರೆ, ನೀನು ಟೀಚರ್ ಅಲ್ಲವಾ, ನಿನಗೆ ಅದು ತುಂಬ ನೋವಾಗುತ್ತದೆ.

"ಇಟ್ಸ್ ಓಕೆ ಅಜ್ಜಿ," ಎಂದು ಕೊನೆಗೆ ಸೇರಿಸಿದಳು.

ಗೋದಾವರಿಬಾಯಿ ಮೊಮ್ಮಗಳ ಮಂಚದ ತುದಿಗೆ ಕುಳಿತರು. ಯಾರೂ ಬೈದಿರಲಿಲ್ಲ, ಆದರೂ ಕುಂಬಳಕಾಯಿ ಕಳ್ಳನ ಹಾಗೆ ಅವರ ಕೈ ತಾನಾಗಿ ಹೆಗಲಿಗೆ ಹೋಗಿ ಸೆರಗನ್ನು ಸರಿಮಾಡಿತು. ಹದಿಮೂರು ವರ್ಷದ ಮಗು ಅಜ್ಜಿಯ ಮಾನ ಕಾಯಲು ತನ್ನ ಆಸೆಯನ್ನು ಬಿಟ್ಟುಕೊಟ್ಟಿತ್ತು. ಇದಕ್ಕಿಂತ ದೊಡ್ಡ ಏಟು ಅವರಿಗೆ ಯಾವ ಇನ್ಸ್‌ಪೆಕ್ಟರೂ ಕೊಟ್ಟಿರಲಿಲ್ಲ.

ಗೋದಾವರಿಬಾಯಿ ಶಾಲೆಗೆ ಹೊರಟ ಸುದ್ದಿ ಹ್ಯೂಸ್ಟನ್ನಿಗೂ ಹೋಯಿತು. "ನೀ ಯಾಕ ಹೋಗ್ತಿ ಅವ್ವಾ, ನಾ ಒಂದು ಮೇಲ್ ಹಾಕ್ತೀನಿ," ಎಂದ ಪ್ರಹ್ಲಾದ್.

"ನೀ ಓದಲಾರದ ಸಹಿ ಹಾಕಿದಿ," ಎಂದರು ತಾಯಿ. "ನಾ ಓದಿ ಹಾಕೀನಿ. ನಾನ ಹೋಗಬೇಕು."

ಮಂಗಳವಾರ ಸುಪ್ರಜಾ ಅವರನ್ನು ಶಾಲೆಗೆ ಕರೆದೊಯ್ದಳು. ಇಳಕಲ್ ಸೀರೆ, ಕೈಯಲ್ಲಿ ಕಂದು ಹೊದಿಕೆಯ ನೋಟ್‌ಬುಕ್. ಮಿಸ್ ಡೆಲ್ಗಾಡೋಗೆ ಮೂವತ್ತರ ಒಳಗಿನ ಪ್ರಾಯ, ಕಾಲಿಗೆ ಕ್ಯಾನ್ವಾಸ್ ಬೂಟು. ಗೋಡೆಯ ಮೇಲೆ ಹಡಗಿನ ಚಿತ್ರ ಇತ್ತು. ಅದರ ಕೆಳಗಿನ ಪುಟ್ಟ ಬೆಂಚಿನಲ್ಲಿ ಕುಳಿತಾಗ ಗೋದಾವರಿಬಾಯಿಗೆ ಕಾಲು ನೀಡಲು ಜಾಗ ಸಾಲಲಿಲ್ಲ. ಜನ್ಮದಲ್ಲಿ ಬೆಂಚಿನ ಈ ಕಡೆಗೆ ಅವರು ಕುಳಿತದ್ದೇ ಕಡಿಮೆ.

"ತಪ್ಪು ನನ್ನದು," ಎಂದು ಇಂಗ್ಲಿಷಿನಲ್ಲಿ ಹೇಳಿದರು, ಬರುವಾಗ ಕಾರಿನಲ್ಲಿ ಆರು ಸಲ ಅಭ್ಯಾಸ ಮಾಡಿದ್ದ ವಾಕ್ಯ. "ನಾನು ಹೇಳಿದೆ, ಮಕ್ಕಳು ಬರೆದರು. ಇಶಾ ಯಾರಿಗೂ ಏನೂ ಕೊಟ್ಟಿಲ್ಲ. ಅವಳು ನನ್ನನ್ನು ಉಳಿಸಲು ಸುಳ್ಳು ಹೇಳಿದಳು."

ನೋಟ್‌ಬುಕ್ ತೆರೆದು ತೋರಿಸಿದರು. ಮಿಸ್ ಡೆಲ್ಗಾಡೋಗೆ ಆ ಲಿಪಿ ಬರುವುದಿಲ್ಲ, ಆದರೂ ಐದು ಅಂಕಿಗಳನ್ನೂ ಅವುಗಳ ಮುಂದಿನ ಸಾಲುಗಳನ್ನೂ ಬಹಳ ಹೊತ್ತು ನೋಡಿದಳು. ಇದು ನೀವು ಬರೆದದ್ದೇ ಎಂದು ಕೇಳಿದಳು.

"ಇಲ್ಲ. ನನ್ನ ಮಾಸ್ತರರು ಬರೆಸಿದ್ದು."

"ಅವರು ಬರೆದದ್ದೇ?"

ಗೋದಾವರಿಬಾಯಿ ನೋಟ್‌ಬುಕ್ಕಿನ ಬಟ್ಟೆಯ ಬೆನ್ನು ನೋಡಿದರು. ಭಾಸ್ಕರ ಮಾಸ್ತರರ ಕೈಯಲ್ಲೂ ಒಂದು ಹಳೆಯ ನೋಟ್‌ಬುಕ್ ಇರುತ್ತಿತ್ತು. ಅದಕ್ಕೂ ಕಂದು ಹೊದಿಕೆ. ಅದರ ಹಿಂದೆ ಯಾರಿದ್ದರೋ ಗೋದಾವರಿಬಾಯಿಗೆ ಗೊತ್ತಿರಲಿಲ್ಲ. ಗೊತ್ತುಮಾಡಿಕೊಳ್ಳಬೇಕು ಅಂತ ಇಷ್ಟು ವರ್ಷದಲ್ಲಿ ಒಮ್ಮೆಯೂ ಅನ್ನಿಸಿರಲಿಲ್ಲ.

ಮಿಸ್ ಡೆಲ್ಗಾಡೋ ಮೃದು ಮಾತಿನವಳು, ನಿಯಮದ ವಿಷಯದಲ್ಲಿ ಮಾತ್ರ ಕಲ್ಲು. ಇಶಾ ಉತ್ತರ ಹಂಚಿಲ್ಲವಾದ್ದರಿಂದ ಅವಳೂ ಉಳಿದಿಬ್ಬರ ಹಾಗೆ ಮತ್ತೆ ಬರೆಯಬಹುದು, ಶುಕ್ರವಾರದೊಳಗೆ, ಎಪ್ಪತ್ತಕ್ಕೆ. ಪುಟ ಅವಳದೇ ಆಗಿದ್ದರೆ ಅದನ್ನೇ ಓದಲು ಆಸ್ಟಿನ್ನಿಗೆ ಹೋಗಬಹುದು. ಮತ್ತೆ ಇನ್ನೊಬ್ಬರ ಮಾತು ಕಂಡರೆ ಮೂರನೆಯ ಸಲ ಇಲ್ಲ. ಇಷ್ಟು ಹೇಳಿ ಅವಳು ಕಡತದಿಂದ ಆರನೆಯ ಪುಟ ತೆಗೆದು, ದುಂಡಗಿನ ಕನ್ನಡ ಸಹಿಯ ಮೇಲೆ ಬೆರಳಿಟ್ಟಳು.

"ನೀವೂ ಸಹಿ ಮಾಡಿದ್ದೀರಿ," ಎಂದಳು. "ನಿಮ್ಮದೂ ಒಂದು ಪುಟ ಶುಕ್ರವಾರ ಬರಲಿ."

ಮುಕ್ಕಾಲು ಪಾಲು ತಮಾಷೆ ಇರಬೇಕು. ಸುಪ್ರಜಾ ನಕ್ಕಳು. ಗೋದಾವರಿಬಾಯಿ ನಗಲಿಲ್ಲ, ಆಗಲಿ ಎಂದು ತಲೆಯಾಡಿಸಿ ಎದ್ದರು.

ಬುಧವಾರ ಬೆಳಿಗ್ಗೆ ಬಿಳಿ ಹಾಳೆ ಮುಂದಿಟ್ಟುಕೊಂಡು ಕುಳಿತರು. ಪೆನ್ನು ತಾನಾಗಿ, ಬೋಸ್ಟನ್ ಚಹಾ ಪ್ರಕರಣಕ್ಕೆ ಐದು ಕಾರಣಗಳು, ಎಂದು ಬರೆಯಿತು. ಹೊಡೆದುಹಾಕಿದರು. ಇನ್ನೊಂದು ಹಾಳೆ ತೆಗೆದರು. ಪೆನ್ನು ಮತ್ತೆ ಅದನ್ನೇ ಬರೆಯಿತು. ಅದು ಭಾಸ್ಕರ ಮಾಸ್ತರರ ವಾಕ್ಯ, ಮೊದಲ ಪದದಿಂದ ಕೊನೆಯ ಪದದವರೆಗೆ. ಅದನ್ನು ಬಿಟ್ಟು ಬೇರೆ ಏನಿದೆ ಎಂದು ತಮ್ಮೊಳಗೆ ಹುಡುಕಿದರು. ಏನೂ ಸಿಗಲಿಲ್ಲ. ಮೂವತ್ತನಾಲ್ಕು ವರ್ಷ ಹೇಳಿದ್ದರಲ್ಲಿ ಒಂದು ಸಾಲಾದರೂ ತಮ್ಮದು ಇದೆಯೇ ಎಂಬ ಪ್ರಶ್ನೆ ಎದ್ದಾಗ ಅವರಿಗೆ ನಿಜವಾಗಿ ಭಯವಾಯಿತು. ಎದ್ದು ಚಹಾ ಮಾಡಿಕೊಂಡು ಕುಡಿದರು.

ಸಂಜೆ ಇಶಾ ಬಂದು ಮೇಜಿನ ಆ ತುದಿಯಲ್ಲಿ ಕುಳಿತಳು. ಅಜ್ಜಿ ಈ ತುದಿಯಲ್ಲಿ. ಇಬ್ಬರೂ ತಮ್ಮ ತಮ್ಮ ಹಾಳೆಗೆ ಎಡಗೈ ಅಡ್ಡ ಹಿಡಿದು ಬರೆಯತೊಡಗಿದರು. ಸುಪ್ರಜಾ ಹಾಯುವಾಗ ಇಬ್ಬರೂ ಒಟ್ಟಿಗೆ ಹಾಳೆ ಮುಚ್ಚಿದರು. ಪರೀಕ್ಷೆಯ ಕೋಣೆಯಲ್ಲಿ ಮೇಲ್ವಿಚಾರಕಿಯಾದ ಹಾಗಿತ್ತು ಪಾಪ ಅವಳಿಗೆ.

"ಎಷ್ಟಾತು?" ಎಂದು ಅಜ್ಜಿ ಕೇಳಿದರು.

"ಅರ್ಧ," ಎಂದಳು ಇಶಾ. "ನಿಂದು?"

"ತಾರೀಖು ಬರದೀನಿ."

ಗುರುವಾರ ಮಧ್ಯಾಹ್ನ ಸೋಫಾದ ಮೇಲೆ ಕಣ್ಣು ಮುಚ್ಚಿದರು. ಮೇಲೆ ವಿಮಾನವೊಂದು ಹಾಯಿತು, ಅದರ ಸದ್ದು ಇಳಿಯುತ್ತ ಇಳಿಯುತ್ತ ನೀರಿನ ಸದ್ದಾಯಿತು. ಅದೇ ಕೆರೆ, ಅದೇ ಕಂದು ನೀರು, ಅದೇ ಹಡಗು. ಈ ಸಲ ಹುಡುಗಿಯರು ಸುಮ್ಮನಿದ್ದರು. ಕೈ ಎತ್ತಿದವಳು ದಂಡೆಯ ಅಂಚಿಗೆ ಬಂದು, ತೇಲುವ ಪೆಟ್ಟಿಗೆಯೊಂದನ್ನು ಕಡ್ಡಿಯಿಂದ ಎಳೆದು, ಅದರ ಮೇಲಿನ ಮುದ್ರೆಯನ್ನು ಲಂಗದ ಅಂಚಿನಿಂದ ಒರೆಸಿದಳು. ಅವಳಿಗೆ ಮುಖ ಇತ್ತು. ಗೋದಾವರಿಬಾಯಿ ಗುರುತು ಹಿಡಿದರು.

ಮೂರನೆಯ ಬೆಂಚಿನ ಹುಡುಗಿ. ತೆಳ್ಳಗೆ, ಸ್ವಲ್ಪ ಕೆಮ್ಮು. ಹೆಸರು ನೆನಪಾಗಲಿಲ್ಲ, ಎಷ್ಟು ತಡಕಾಡಿದರೂ ಬರಲಿಲ್ಲ. ಪ್ರಶ್ನೆ ಮಾತ್ರ ನಿನ್ನೆ ಕೇಳಿದಷ್ಟು ಸ್ಪಷ್ಟವಾಗಿತ್ತು. ನೋಟ್ಸಿನ ನಡುವೆ ಕೈ ಎತ್ತಿ ಎದ್ದು ನಿಂತಿದ್ದಳು. "ಟೀಚರ್, ಇದು ನಮ್ಮ ಕಿತ್ತೂರಿಗೆ ಬಂದ ಕಂಪನೀನ ಏನ್ರಿ?" ಎಂದಿದ್ದಳು.

ಗೋದಾವರಿಬಾಯಿ ಎದ್ದು ಮೇಜಿಗೆ ಹೋಗಿ ಬರೆದರು. ಸಂಜೆಯವರೆಗೆ ಬರೆದರು.

ಶುಕ್ರವಾರ ಬೆಳಿಗ್ಗೆ ಇಶಾ ಚೀಲ ಹೆಗಲಿಗೇರಿಸಿ ನಿಂತಾಗ ಅಜ್ಜಿ ಹಾಳೆ ಕೊಟ್ಟರು. ಒಂದು ಬದಿ ಕನ್ನಡ, ಇನ್ನೊಂದು ಬದಿ ಅವರದೇ ಇಂಗ್ಲಿಷ್. ಇಶಾ ಬಾಗಿಲಲ್ಲೇ ನಿಂತು ಓದಿದಳು.

ಅದರಲ್ಲಿ ಇದ್ದದ್ದು ಇಷ್ಟು. ಬೋಸ್ಟನ್ನಿನಲ್ಲಿ ನೀರಿಗೆ ಬಿದ್ದ ಚಹಾ ಈಸ್ಟ್ ಇಂಡಿಯಾ ಕಂಪನಿಯದು. ಈ ಕಂಪನಿ ನನಗೆ ಚಿಕ್ಕಂದಿನಿಂದ ಗೊತ್ತು. ಬೋಸ್ಟನ್ನಿನ ಜನ ಅದರ ಚಹಾ ಎಸೆದ ಐವತ್ತೊಂದು ವರ್ಷಕ್ಕೆ, ನಮ್ಮೂರಿನಿಂದ ಬಸ್ಸಿನಲ್ಲಿ ಒಂದು ತಾಸಿನ ದಾರಿಯ ಕಿತ್ತೂರಿನಲ್ಲಿ ಅದೇ ಕಂಪನಿಯ ಮೇಲೆ ತೋಪು ಹಾರಿತು. ನಾನು ಎರಡನ್ನೂ ಪ್ರತಿ ವರ್ಷ ಕಲಿಸಿದೆ. ಒಂದು ಜುಲೈಯಲ್ಲಿ, ಇನ್ನೊಂದು ಜನವರಿಯಲ್ಲಿ. ಎರಡೂ ಒಂದೇ ಕಂಪನಿ ಎಂದು ಯಾವ ಹುಡುಗಿಗೂ ಹೇಳಲಿಲ್ಲ, ಯಾಕೆಂದರೆ ಪರೀಕ್ಷೆಯಲ್ಲಿ ಹಾಗೆ ಯಾರೂ ಕೇಳುವುದಿಲ್ಲ. ಒಬ್ಬಳು ತಾನಾಗಿ ಕೇಳಿದಳು. ಅದು ಪರೀಕ್ಷೆಗೆ ಬರುವುದಿಲ್ಲ, ಕೂಡು, ಎಂದು ಹೇಳಿದೆ. ಅವಳು ಕುಳಿತಳು. ಈ ಪುಟ ಅವಳ ಮಾತು. ನನ್ನದು ಎಂದು ಹೇಳಬಹುದಾದದ್ದು ಇದರಲ್ಲಿ, ಕೂಡು, ಎಂಬ ಒಂದು ಪದ ಮಾತ್ರ.

ಇಶಾ ಹಾಳೆಯನ್ನು ಮಡಿಸದೆ ಕಡತದಲ್ಲಿ ತನ್ನ ಹಾಳೆಯ ಪಕ್ಕ ಇಟ್ಟುಕೊಂಡು ಹೋದಳು.

ಮುಂದಿನ ವಾರ ಎರಡೂ ಹಿಂದಕ್ಕೆ ಬಂದವು. ಎರಡರ ಮೇಲೂ ಎಪ್ಪತ್ತು. ಧಾರವಾಡದಲ್ಲಾಗಿದ್ದರೆ ಎಪ್ಪತ್ತಕ್ಕೆ ಗೋದಾವರಿಬಾಯಿ ತಲೆ ಎತ್ತಿ ಓಡಾಡುತ್ತಿರಲಿಲ್ಲ. ಈಗ ಆ ಹಾಳೆಯನ್ನು ಮಡಿಸಿ ಕಂದು ನೋಟ್‌ಬುಕ್ಕಿನೊಳಗೆ ಇಟ್ಟರು. ಆಸ್ಟಿನ್ ಪಟ್ಟಿಯಲ್ಲಿ ಇಶಾಳ ಹೆಸರು ಉಳಿದಿತ್ತು. ಅವಳ ಪುಟದಲ್ಲಿ ಏನಿದೆ ಎಂದು ಮನೆಯಲ್ಲಿ ಯಾರೂ ಕೇಳಲಿಲ್ಲ, ಅಲ್ಲಿ ಓದಿದಾಗ ಕೇಳಿದರಾಯಿತು ಎಂದರು ಅಜ್ಜಿ.

ಶನಿವಾರ ಬೆಳಕು ಹರಿದ ಮೇಲೆ ಹೊರಟರು. ಪ್ರಹ್ಲಾದ್ ಡ್ರೈವ್ ಮಾಡುತ್ತಿದ್ದ, ಸುಪ್ರಜಾ ಪಕ್ಕದಲ್ಲಿ ತೂಕಡಿಸುತ್ತಿದ್ದಳು, ಹಿಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಗಳು. ಡಾಲಸ್ ಹಿಂದೆ ಸರಿದು ಒಣ ಹುಲ್ಲಿನ ಬಯಲು ಶುರುವಾಯಿತು. ಮಂಜು ಇನ್ನೂ ನೆಲ ಬಿಟ್ಟಿರಲಿಲ್ಲ, ಅದರೊಳಗೆ ದನಗಳು ಕಾಲಿಲ್ಲದೆ ನಿಂತಂತೆ ಕಾಣುತ್ತಿದ್ದವು. ಗೋದಾವರಿಬಾಯಿ ಕಿಟಕಿಗೆ ತಲೆ ಕೊಟ್ಟು ಅರೆಗಣ್ಣಿನಲ್ಲಿ ನೋಡುತ್ತಿದ್ದರು. ಈ ಬಯಲು ಎಲ್ಲಿ ಮುಗಿದು ಕೆಲಗೇರಿಯ ದಂಡೆ ಎಲ್ಲಿ ಶುರುವಾಗುತ್ತದೋ ಅವರಿಗೆ ತಿಳಿಯುತ್ತಿರಲಿಲ್ಲ.

"ಅಜ್ಜಿ," ಇಶಾ ಕರೆದಳು. "ಆ ಹುಡುಗಿ ಆಮೇಲೆ ಮತ್ತೆ ಕೈ ಎತ್ತಿದ್ಲಾ?"

"ಇಲ್ಲ."

"ನೆವರ್?"

"ಇನ್ನೂ ಎರಡು ವರ್ಷ ನನ್ನ ಕ್ಲಾಸಿನ್ಯಾಗ ಇದ್ಲು," ಎಂದರು ಗೋದಾವರಿಬಾಯಿ. "ಛಲೋ ಮಾರ್ಕ್ಸ್ ತಗೋತಿದ್ಲು. ಕೈ ಎತ್ತಲಿಲ್ಲ."

ಪ್ರಹ್ಲಾದ್ ಕನ್ನಡಿಯಲ್ಲಿ ಒಮ್ಮೆ ತಾಯಿಯ ಮುಖ ನೋಡಿ ಮತ್ತೆ ರಸ್ತೆ ನೋಡಿದ.

ಆಮೇಲೆ ಇಶಾ ಸೀಟ್‌ಬೆಲ್ಟು ಸಡಿಲಿಸಿ, ಬೆನ್ನು ನೆಟ್ಟಗೆ ಮಾಡಿ, ಬಲಗೈಯನ್ನು ಕಾರಿನ ಚಾವಣಿ ತಾಗುವವರೆಗೆ ಮೇಲೆತ್ತಿದಳು. ಇಳಿಸಲಿಲ್ಲ. ಅಜ್ಜಿ ತಿರುಗಿ ನೋಡಿದರು. ನೋಡುತ್ತಿದ್ದ ಹಾಗೆ ಕಣ್ಣು ತುಂಬಿಕೊಂಡವು.

"ಕೇಳವಾ," ಎಂದರು.

"ಚಹಾ ಎಲ್ಲ ನೀರಿಗೆ ಹಾಕಿದ್ರಲ್ಲ," ಇಶಾ ಒಂದೊಂದೇ ಕನ್ನಡ ಪದ ಜೋಡಿಸಿದಳು, "ಮರುದಿನ ಬೆಳಿಗ್ಗೆ ಆ ಊರಿನ ಅಜ್ಜಿಗಳು ಏನು ಕುಡಿದ್ರು? ನನ್ನ ಪುಟ ಅದೇ."

ಇದು ಯಾವ ಕಂದು ಹೊದಿಕೆಯ ನೋಟ್‌ಬುಕ್ಕಿನಲ್ಲೂ ಇರಲಿಲ್ಲ.

"ನನಗ ಗೊತ್ತಿಲ್ಲವಾ," ಎಂದರು ಗೋದಾವರಿಬಾಯಿ. ಮಕ್ಕಳ ಮುಂದೆ ಆ ಮಾತು ಅವರ ಬಾಯಿಂದ ಬಂದದ್ದು ಅದೇ ಮೊದಲು. "ನಿನಗೇನ ಅನಸ್ತದ?"

ಇಶಾ ಕೈ ಇಳಿಸಿ ಹೇಳತೊಡಗಿದಳು. ಕನ್ನಡ ಸಾಲದಾದಾಗ ಇಂಗ್ಲಿಷು, ಇಂಗ್ಲಿಷು ಬೇಡವಾದಾಗ ಕನ್ನಡ. ವೇಕೋ ಊರು ದಾಟುವವರೆಗೂ ಹೇಳಿದಳು, ಗೋದಾವರಿಬಾಯಿ ನಡುವೆ ಒಂದು ಮಾತನ್ನೂ ತಿದ್ದಲಿಲ್ಲ.